ಗರಗಸದಿಂದ ಶುರುವಾದ ಸಾಲಿ

ಓದಲು ಬರುವುದು ಬೇರೆ, ಪುಸ್ತಕ ಬಾಯಿಪಾಠವಾಗಿರುವುದು ಬೇರೆ. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಮಗು ಪುಸ್ತಕ ಹಿಡಿದು, ಸಾಲಿನ ಮೇಲೆ ಬೆರಳಿಟ್ಟು, ಗಟ್ಟಿಯಾಗಿ ಹೇಳುತ್ತಿದ್ದರೆ ಯಾವ ಅಜ್ಜ-ಅಜ್ಜಿಗಾದರೂ ಹೆಮ್ಮೆಯೇ. ಆದರೆ ಒಮ್ಮೆ ಚಿತ್ರದ ಮೇಲೆ ಕೈ ಮುಚ್ಚಿ, ಸಾಲಿನ ನಡುವಿನ ಒಂದು ಪದ ತೋರಿಸಿ, ‘ಇದೇನು ಹೇಳು?’ ಎಂದು ಕೇಳಿ ನೋಡಿ. ಆಗ ನಿಜ ಸಂಗತಿ ಗೊತ್ತಾಗುತ್ತದೆ.

ನಮ್ಮ ಮನೆಯಲ್ಲಿ ಆದದ್ದೂ ಇದೇ. ಮಗ-ಸೊಸೆ ಪುಣೆ ಬಿಟ್ಟು ವಿಜಯಪುರಕ್ಕೇ ಬಂದು ನೆಲೆಸುವುದೆಂದು ತೀರ್ಮಾನಿಸಿದರು. ಜನವರಿಯಲ್ಲಿ ಸೊಸೆ ಮತ್ತು ಏಳು ವರ್ಷದ ಮೊಮ್ಮಗಳು ಅಥಣಿ ರಸ್ತೆಯ ನಮ್ಮ ಮನೆಗೆ ಬಂದರು. ಮೊಮ್ಮಗಳು ಅಲ್ಲಿ ಇಂಗ್ಲಿಷ್ ಮಾಧ್ಯಮದ ಎರಡನೆಯ ಇಯತ್ತೆಯಲ್ಲಿದ್ದಳು. ವರ್ಷ ಮುಗಿಯುತ್ತ ಬಂದಾಗ ಹೊಸ ಶಾಲೆಗೆ ಸೇರಿಸುವುದಕ್ಕಿಂತ, ಜೂನ್ ತಿಂಗಳಲ್ಲಿ ಇಲ್ಲಿಯೇ ಮೂರನೆಯ ಇಯತ್ತೆಗೆ ಸೇರಿಸೋಣ ಎಂದಾಯಿತು. ಅಲ್ಲಿಯವರೆಗೆ ಐದು ತಿಂಗಳು ಮನೆಯೇ ಶಾಲೆ.

ಬಂದ ಮೊದಲ ವಾರ ಆಕೆ ತನ್ನ ಇಂಗ್ಲಿಷ್ ಪುಸ್ತಕವನ್ನು ಮೊದಲಿನಿಂದ ಕೊನೆಯ ತನಕ ‘ಓದಿ’ ತೋರಿಸಿದಳು. ನಡುವೆ ಒಂದು ಹಾಳೆ ತಿರುವುವುದು ಮರೆತಳು. ಆದರೂ ಓದು ನಿಲ್ಲಲಿಲ್ಲ! ಕಣ್ಣು ಹತ್ತನೆಯ ಪುಟದಲ್ಲಿ, ಬಾಯಿ ಹನ್ನೆರಡನೆಯ ಪುಟದಲ್ಲಿ. ನಾನು ಬೇರೊಂದು ಸಣ್ಣ ಕಥೆ ಪುಸ್ತಕ ಕೊಟ್ಟೆ. ಒಂದು ಸಾಲೂ ಬರಲಿಲ್ಲ. ಮರುದಿನದಿಂದ ಪುಸ್ತಕ ಕಂಡರೆ ಸಾಕು, ‘ಮುತ್ಯಾ, ಹೊಟ್ಟಿ ನೋಯಾಕತ್ತೈತಿ’ ಎಂದು ಆಯಿಯ ಸೆರಗಿನ ಹಿಂದೆ ಅಡಗುತ್ತಿದ್ದಳು.

ಸೊಸೆ ಕಣ್ಣಲ್ಲಿ ನೀರು ತಂದುಕೊಂಡು ಕೇಳಿದಳು. ‘ಮಾವಾರ, ಈಕಿ ದಡ್ಡಿ ಏನ್ರಿ?’

‘ಅಲ್ಲವ್ವ. ಇಡೀ ಪುಸ್ತಕ ಬಾಯಿಪಾಠ ಮಾಡಿದ ಕೂಸು ದಡ್ಡಿ ಹೆಂಗಾದೀತು? ಆಕಿಗೆ ಓದೂದು ಅಂದ್ರ ಏನು ಅಂತ ಯಾರೂ ತೋರಿಸಿಲ್ಲ, ಅಷ್ಟ’ ಎಂದೆ.

ಹೇಳುವುದು ಸುಲಭ. ತೋರಿಸುವುದು ಹೇಗೆ? ಅದರಲ್ಲೂ ಎರಡು ಲಿಪಿಗಳ ಹೊರೆ. ಕರ್ನಾಟಕದಲ್ಲಿ 2015ರ ಕಾಯ್ದೆಯಂತೆ ಎಲ್ಲ ಶಾಲೆಗಳಲ್ಲೂ ಕನ್ನಡವನ್ನು ಮೊದಲ ಇಲ್ಲವೆ ಎರಡನೆಯ ಭಾಷೆಯಾಗಿ ಕಲಿಸಬೇಕು. ಮೊಮ್ಮಗಳು ಮನೆಯಲ್ಲಿ ಕನ್ನಡ ಆಡುತ್ತಿದ್ದಳೇ ಹೊರತು ಒಂದಕ್ಷರವೂ ಗೊತ್ತಿರಲಿಲ್ಲ. ಇಂಗ್ಲಿಷ್ ನೋಡಿದರೆ ಹೀಗೆ. ‘ಇನ್ನೊಂದು ವರ್ಷ ಮನೆಯಾಗ ಕಲಿಸೋಣೇನು?’ ಎಂದು ಮಗ ಕೇಳಿದ. ಕೆಲವು ಕುಟುಂಬಗಳು ಹಾಗೆ ಮಕ್ಕಳನ್ನು ಮನೆಯಲ್ಲೇ ಓದಿಸಿ, ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಪರೀಕ್ಷೆ ಕಟ್ಟಿಸುತ್ತವೆ. ಆದರೆ ಮಗುವಿಗೆ ಓರಗೆಯವರೂ ಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ, ಶಾಲೆಯಿಂದ ಹೊರಗುಳಿದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕೆಂಬ ಮಾತಿದೆ. ಹಾಗಾಗಿ ಜೂನ್‌ಗೆ ಶಾಲೆ ಎಂಬುದು ಗಟ್ಟಿ. ಆದರೆ ಅಕ್ಷರ ಬಾರದೆ ಮೂರನೆಯ ಇಯತ್ತೆಯ ಬೆಂಚಿನ ಮೇಲೆ ಕುಳಿತರೆ ಆ ಹೊಟ್ಟೆನೋವು ವರ್ಷವಿಡೀ ಬಿಡುವುದಿಲ್ಲ ಎಂಬುದೂ ಅಷ್ಟೇ ಗಟ್ಟಿ.

ಯಾವ ಪುಸ್ತಕದಿಂದ ಕಲಿಸಬೇಕು? ವಾರದೊಳಗೆ ನಮ್ಮ ಮೇಜಿನ ಮೇಲೆ ನಾಲ್ಕು ದಾರಿಗಳು ಬಂದು ಕೂತವು. ಆಯಿ ಪೇಟೆಯಿಂದ ತಂದ ‘ಅ-ಅಗಸ, ಆ-ಆನೆ’ ಪುಸ್ತಕ, ಜೊತೆಗೆ ‘ಎ ಫಾರ್ ಆ್ಯಪಲ್’ ತಕ್ತೆ. ಸೊಸೆ ತರಿಸಿದ ‘ಜಾಲಿ ಫೋನಿಕ್ಸ್’ ಎಂಬ ಇಂಗ್ಲೆಂಡಿನ ಪುಸ್ತಕಗಳು. ಅಮೆರಿಕದಲ್ಲಿ ಮಕ್ಕಳನ್ನು ಮನೆಯಲ್ಲೇ ಓದಿಸುವ ನಮ್ಮ ಬಂಧುಗಳೊಬ್ಬರು ಕಳಿಸಿದ ದಪ್ಪನೆಯ ಪಾಠಕ್ರಮ. ನಾಲ್ಕನೆಯದು, ನಮ್ಮ ಓಣಿಯವರೆಲ್ಲ ‘ಅಕ್ಕೋರು’ ಎಂದೇ ಕರೆಯುವ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ ಕಪಾಟಿನಿಂದ ತೆಗೆದುಕೊಟ್ಟ ‘ನಲಿ-ಕಲಿ’ ಕಾರ್ಡುಗಳು.

ಫೋನಿಕ್ಸ್ ಎಂದರೆ ಏನೋ ದೊಡ್ಡ ವಿದ್ಯೆ ಎಂದು ಹೆದರಬೇಡಿ. ಅಕ್ಷರದ ಹೆಸರು ಕಲಿಸುವುದಕ್ಕಿಂತ ಮೊದಲು ಅದರ ಧ್ವನಿ ಕಲಿಸುವುದು, ಧ್ವನಿಗೆ ಧ್ವನಿ ಕೂಡಿಸಿ ಪದ ಓದಿಸುವುದು, ಪದವನ್ನು ಧ್ವನಿಗಳಾಗಿ ಬಿಡಿಸಿ ಬರೆಸುವುದು. ಇಷ್ಟೇ. ಇದು ಯಾಕೆ ಬೇಕು ಎಂಬುದನ್ನು ನನಗೆ ಮೊಮ್ಮಗಳೇ ಒಂದು ಮಾತಿನಲ್ಲಿ ಹೇಳಿದಳು.

‘ಮುತ್ಯಾ, ಸಿ, ಎ, ಟಿ ಅಂದ್ರ ಸೀಯೇಟೀ ಆಗಬೇಕಲ್ಲ? ಕ್ಯಾಟ್ ಯಾಕ ಆತು?’

ನೋಡಿ, ಎಂಥ ನ್ಯಾಯವಾದ ಪ್ರಶ್ನೆ! ಇಂಗ್ಲಿಷಿನಲ್ಲಿ ಅಕ್ಷರದ ಹೆಸರೇ ಬೇರೆ, ಕೆಲಸವೇ ಬೇರೆ. ‘ಎಚ್’ ಎಂಬ ಹೆಸರಿನಲ್ಲಿ ‘ಹ್’ ಧ್ವನಿಯೇ ಇಲ್ಲ. ‘ಡಬ್ಲ್ಯೂ’ ಹೆಸರು ‘ಡ’ದಿಂದ ಶುರು, ಕೆಲಸ ‘ವ’ದ್ದು. ಅಕ್ಷರ 26, ಧ್ವನಿಗಳು ಸುಮಾರು 44. ಮನೆ ಕಡಿಮೆ, ಮಂದಿ ಹೆಚ್ಚು. ಹಾಗಾಗಿ ಒಂದೊಂದು ಮನೆಯಲ್ಲಿ ಇಬ್ಬರು ಮೂವರು. ಕನ್ನಡದಲ್ಲಿ ಈ ತಾಪತ್ರಯವಿಲ್ಲ. ‘ಗ’ ಅಕ್ಷರದ ಹೆಸರೂ ಗ, ಧ್ವನಿಯೂ ಗ. ನಮ್ಮ ಹಿರಿಯರಿಗೆ ಫೋನಿಕ್ಸ್ ಎಂಬ ಹೆಸರೇ ಬೇಕಾಗಲಿಲ್ಲ, ಯಾಕೆಂದರೆ ವರ್ಣಮಾಲೆಯೇ ಫೋನಿಕ್ಸ್. ಕ ವರ್ಗ ಗಂಟಲಿನಲ್ಲಿ, ಚ ವರ್ಗ ಅಂಗುಳಲ್ಲಿ, ಟ ವರ್ಗ ನಾಲಿಗೆ ಮೇಲಕ್ಕೆ ಮಡಚಿ, ತ ವರ್ಗ ಹಲ್ಲಿನ ಹತ್ತಿರ, ಪ ವರ್ಗ ತುಟಿಯಲ್ಲಿ. ಒಳಗಿನಿಂದ ಹೊರಗೆ ಬರುವ ಮೆರವಣಿಗೆ. ಮಕ್ಕಳೇ, ಈಗಲೇ ಒಮ್ಮೆ ಕ, ಚ, ಟ, ತ, ಪ ಎಂದು ನಿಧಾನವಾಗಿ ಹೇಳಿ ನೋಡಿ, ನಿಮ್ಮ ಬಾಯಿಯೇ ಸಾಕ್ಷಿ ಹೇಳುತ್ತದೆ.

ಇಷ್ಟು ಚೆಂದದ ವರ್ಣಮಾಲೆ ಇರುವಾಗ ಆಯಿ ತಂದ ಪುಸ್ತಕವನ್ನೇ ಯಾಕೆ ಹಿಡಿಯಲಿಲ್ಲ? ಅದಕ್ಕೆ ನನ್ನ ಹಳೆಯ ಗುಮಾಸ್ತನ ಬುದ್ಧಿ ಕಾರಣ. ಲೆಕ್ಕ ತಾಳೆ ಹಾಕದೆ ನನಗೆ ನಿದ್ದೆ ಬರುವುದಿಲ್ಲ. ಒಂದೊಂದು ಪುಸ್ತಕದ ಒಂದೊಂದು ಪಾಠ ತೆಗೆದೆ. ಅಲ್ಲಿಯ ತನಕ ಮಗುವಿಗೆ ಯಾವ ಯಾವ ಅಕ್ಷರ ಕಲಿಸಿದ್ದಾರೆ ಎಂದು ಒಂದು ಕಡೆ ಬರೆದೆ. ಆ ಪಾಠದ ಪದಗಳಲ್ಲಿ ಮಗು ತಾನೇ ಓದಬಹುದಾದವು ಎಷ್ಟು ಎಂದು ಇನ್ನೊಂದು ಕಡೆ ಟಿಕ್ ಹಾಕಿದೆ. ಜಮಾ-ಖರ್ಚು ತಾನೇ ಹೊರಬಿತ್ತು.

‘ಅ-ಅಗಸ’ ಎಂಬಲ್ಲಿ ಮಗುವಿಗೆ ಗೊತ್ತಿರುವುದು ‘ಅ’ ಒಂದೇ. ‘ಗ’ ಬರುವುದು ಸ್ವರಗಳೆಲ್ಲ ಮುಗಿದ ಮೇಲೆ, ‘ಸ’ ಬರುವುದು ಮಾಲೆಯ ಕೊನೆಯಲ್ಲಿ. ಅಂದರೆ ಮಗು ಅಗಸ ಎಂದು ಹೇಳುವುದು ಅಕ್ಷರ ನೋಡಿ ಅಲ್ಲ, ಬಟ್ಟೆಗಂಟು ಹೊತ್ತ ಮನುಷ್ಯನ ಚಿತ್ರ ನೋಡಿ. 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49 ಅಕ್ಷರ ದಾಟುವ ತನಕ ಅದಕ್ಕೆ ಒಂದು ಪದವನ್ನೂ ತಾನೇ ಓದಿದ ಸುಖ ಇಲ್ಲ. ಇಂಗ್ಲಿಷ್ ತಕ್ತೆಯದಂತೂ ಕೇಳಬೇಡಿ. ‘ಇ ಫಾರ್ ಎಲಿಫೆಂಟ್’ ಎನ್ನುವಾಗ ಮಗುವಿಗೆ ಬಂದಿರುವುದು ಐದೇ ಅಕ್ಷರ, ಆನೆಗೆ ಎಂಟು ಅಕ್ಷರ! ವರ್ಣಮಾಲೆಯ ಕ್ರಮ ಅಕ್ಷರಗಳ ಶಾಸ್ತ್ರಕ್ಕೆ ಸರಿ. ನಿಘಂಟಿನಲ್ಲಿ ಪದ ಹುಡುಕಲು ಬೇಕೇ ಬೇಕು. ಆದರೆ ಮೊದಲ ಓದಿನ ಮೆಟ್ಟಿಲು ಬೇರೆ ಥರ ಇರಬೇಕು.

ಆ ಮೆಟ್ಟಿಲು ಅಕ್ಕೋರು ಕೊಟ್ಟ ಕಾರ್ಡುಗಳಲ್ಲಿ ಸಿಕ್ಕಿತು. ನಲಿ-ಕಲಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅಲ್ಲಿಯ ಸರಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ತಮ್ಮ ಮಕ್ಕಳಿಗಾಗಿ ಕಾರ್ಡುಗಳನ್ನು ತಯಾರಿಸಿದರು. 2009-10ರಲ್ಲಿ ಅದು ಇಡೀ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆ ಬಂತು. ಅದರಲ್ಲಿ ಮೊದಲು ಕಲಿಸುವುದು ಅ, ಆ, ಇ, ಈ ಅಲ್ಲ. ರ, ಗ, ಸ, ದ, ಅ. ಬರೆಯಲು ಸರಳ, ಕೂಡಿಸಿದರೆ ಪದ. ಈ ಐದೇ ಅಕ್ಷರಗಳಲ್ಲಿ ಸರ, ರಸ, ದರ, ಅರಸ, ಅಗಸ, ಗರಗಸ, ಸರಸರ ಎಲ್ಲ ಇವೆ. ಎರಡನೆಯ ಗುಂಪು ಜ, ವ, ಮ, ಬ, ನ. ಹತ್ತು ಅಕ್ಷರಕ್ಕೆ ಮರ, ಜನ, ದನ, ಮಗ, ನಗರ, ಗಜ ಎಲ್ಲ ಬಂದವು. ನಮ್ಮ ಬಾಗೇವಾಡಿಯಲ್ಲಿ ಹುಟ್ಟಿದ ‘ಬಸವ’ನೂ ಆ ಹತ್ತರೊಳಗೇ ಬಂದುಬಿಟ್ಟ!

ಇನ್ನು ಸೊಸೆ ತರಿಸಿದ ಇಂಗ್ಲಿಷ್ ಪುಸ್ತಕ ತೆಗೆದರೆ ಆಶ್ಚರ್ಯ. ಅಲ್ಲಿಯೂ ಎ, ಬಿ, ಸಿ, ಡಿ ಕ್ರಮವಿಲ್ಲ. ಸೂ ಲಾಯ್ಡ್ ಎಂಬ ಶಿಕ್ಷಕಿ ಇಂಗ್ಲೆಂಡಿನ ಸಣ್ಣ ಮಕ್ಕಳಿಗೆ ಕಲಿಸುತ್ತ ಕಂಡುಕೊಂಡದ್ದನ್ನು ಸಾರಾ ವರ್ನಮ್ ಜೊತೆ ಸೇರಿ ಬೆಳೆಸಿದ ಪದ್ಧತಿ ಅದು. ಮೊದಲ ಪುಸ್ತಕ ಬಂದದ್ದು 1992ರಲ್ಲಿ. ಒಟ್ಟು 42 ಧ್ವನಿಗಳನ್ನು ಕಲಿಸುತ್ತಾರೆ. ಮೊದಲ ಗುಂಪು ಎಸ್, ಎ, ಟಿ, ಐ, ಪಿ, ಎನ್. ಕಲಿಸುವುದು ಈ ಹೆಸರುಗಳನ್ನಲ್ಲ, ‘ಸ್’, ‘ಆ್ಯ’, ‘ಟ್’, ‘ಇ’, ‘ಪ್’, ‘ನ್’ ಎಂಬ ಧ್ವನಿಗಳನ್ನು. ಆರಕ್ಕೇ ಪಿನ್, ಟಿನ್, ಪ್ಯಾನ್, ಟ್ಯಾಪ್, ಸಿಟ್, ಆ್ಯಂಟ್ ಇಷ್ಟು ಪದ. ಕಡಲಾಚೆಯ ಒಬ್ಬ ಟೀಚರ್, ಕಾಡಂಚಿನ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು, ಇಬ್ಬರದೂ ಒಂದೇ ಉಪಾಯ. ಮಗು ನಾಲ್ಕಾರು ಅಕ್ಷರ ಕಲಿತ ಕೂಡಲೇ ಅದರ ಕೈಗೆ ಒಂದು ಪದ ಸಿಗಬೇಕು. ಕೂಲಿ ಮಾಡಿದವನಿಗೆ ಸಂಜೆಯೇ ಕೂಲಿ ಕೊಟ್ಟಂತೆ.

ಅಮೆರಿಕದ ಪಾಠಕ್ರಮವೂ ಒಳ್ಳೆಯದೇ. ಅದು 1930ರ ದಶಕದಲ್ಲಿ ನರವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಕಿ ಆ್ಯನಾ ಗಿಲಿಂಗ್‌ಹ್ಯಾಮ್ ಅವರು ಓದು ಕಷ್ಟವಾಗುವ ಮಕ್ಕಳಿಗೆಂದು ರೂಪಿಸಿದ ಪದ್ಧತಿಯಿಂದ ಬೆಳೆದದ್ದು. ಅಕ್ಷರವನ್ನು ನೋಡಬೇಕು, ಕೇಳಬೇಕು, ಹೇಳಬೇಕು, ಬೆರಳಿನಿಂದ ತೀಡಬೇಕು. ಆದರೆ ಕಲಿಸುವವರು ಆಡಬೇಕಾದ ಪ್ರತಿ ಮಾತೂ ದಪ್ಪ ಪುಸ್ತಕದಲ್ಲಿ ಅಚ್ಚಾಗಿತ್ತು. ಅದನ್ನು ಓದಿ ಮುಗಿಸುವಷ್ಟರಲ್ಲಿ ಜೂನ್ ಬರುತ್ತಿತ್ತು. ಮೇಲಾಗಿ ಅಮೆರಿಕದ ಕಾಗುಣಿತ. ನೋವಾ ವೆಬ್‌ಸ್ಟರ್ ಎಂಬವರು 1783ರಲ್ಲಿ ಕಾಗುಣಿತದ ಪುಸ್ತಕ, 1828ರಲ್ಲಿ ದೊಡ್ಡ ನಿಘಂಟು ಬರೆದು ‘ಕಲರ್’ನಿಂದ ಒಂದು ‘ಯು’ ತೆಗೆದುಹಾಕಿದರು. ಅಲ್ಲಿ ಸರಿ. ಇಲ್ಲಿ ನಮ್ಮ ಟೀಚರ್ ಅದಕ್ಕೆ ಕೆಂಪು ಗೆರೆ ಎಳೆಯುತ್ತಾರೆ. ಹಾಗಾಗಿ ಪುಸ್ತಕವನ್ನು ಕಟ್ಟಿಟ್ಟು, ಅಕ್ಷರ ತೀಡಿಸುವ ಉಪಾಯವನ್ನು ಮಾತ್ರ ಇಟ್ಟುಕೊಂಡೆವು. ಉಸುಕಿನ ಮೇಲೆ ಅಕ್ಷರ ತಿದ್ದುವುದು ನಮಗೇನು ಹೊಸದೆ?

ಕನ್ನಡ ಮೊದಲು, ಇಂಗ್ಲಿಷ್ ಆಮೇಲೆ ಎಂಬುದಕ್ಕೆ ಸೊಸೆ ಸ್ವಲ್ಪ ಹಿಂಜರಿದಳು. ನನ್ನ ವಾದ ಇಷ್ಟು. ಅಕ್ಷರ ಎಂದರೆ ಧ್ವನಿ ಎಂಬ ನಂಬಿಕೆ ಮಗುವಿಗೆ ಮೊದಲು ಹುಟ್ಟಬೇಕು. ಆ ನಂಬಿಕೆಗೆ ಮೋಸ ಮಾಡದ ಲಿಪಿ ಕನ್ನಡ. ಒಮ್ಮೆ ನಂಬಿಕೆ ಗಟ್ಟಿಯಾದರೆ ಇಂಗ್ಲಿಷಿನ ತುಂಟತನವನ್ನು ತಡೆದುಕೊಳ್ಳಬಹುದು. ಹೀಗೆ ಮುಂಜಾನೆ 20 ನಿಮಿಷ ನಲಿ-ಕಲಿ ಕ್ರಮದಲ್ಲಿ ಕನ್ನಡ. ಮೂರು ವಾರದ ನಂತರ ಸಂಜೆ 20 ನಿಮಿಷ ಇಂಗ್ಲಿಷ್. ಗಡಿಯಾರ ನೋಡಿ ಶುರು, ಗಡಿಯಾರ ನೋಡಿ ಬಂದ್. ‘ಇನ್ನೊಂದು ಸ್ವಲ್ಪ’ ಎಂದು ಆಕೆ ಕೇಳಿದರೂ ಬಂದ್. ಆಸೆ ಉಳಿದರೆ ನಾಳೆ ತಾನೇ ಬರುತ್ತಾಳೆ.

ಮೊದಲ ದಿನ ಆಯಿ ರೊಟ್ಟಿಗೆಂದು ಪರಾತದಲ್ಲಿ ಜೋಳದ ಹಿಟ್ಟು ಹಾಕಿಕೊಂಡಿದ್ದಳು. ಅದರಲ್ಲೇ ಬೆರಳಾಡಿಸಿ ‘ರ’ ಬರೆಸಿದೆ. ‘ರ’ ಎನ್ನುತ್ತ ಬರೆಯುವುದು, ಅಲುಗಿಸಿ ಅಳಿಸುವುದು. ಐದನೆಯ ದಿನ ಕಾರ್ಡು ಜೋಡಿಸಿ ಮುಂದಿಟ್ಟೆ. ಚಿತ್ರವಿಲ್ಲ, ಸುಳಿವಿಲ್ಲ. ‘ಗ... ರ... ಗ... ಸ.’ ಸುಮ್ಮನೆ ಕೂತಳು. ಮತ್ತೆ ಬೇಗ ಬೇಗ ಹೇಳಿದಳು. ‘ಗರಗಸ! ಮುತ್ಯಾ, ಕಟಗಿ ಕೊರಿಯೂ ಗರಗಸ!’ ಆ ಪದವನ್ನು ಯಾರೂ ಆಕೆಗೆ ಹೇಳಿಕೊಟ್ಟಿರಲಿಲ್ಲ. ಆಕೆಯೇ ಅಕ್ಷರದಿಂದ ಕೊರೆದು ತೆಗೆದದ್ದು. ಅಂದು ಹೊಟ್ಟೆನೋವಿನ ಮಾತು ಬರಲಿಲ್ಲ.

ಮುಂದೆ ಕಾಗುಣಿತ. ಇದರ ಲೆಕ್ಕ ಹಿಡಿದರೆ ಹೆದರಿಕೆಯೇ. 34 ವ್ಯಂಜನಕ್ಕೆ 13 ಸ್ವರ ಕೂಡಿಸಿದರೆ 442. ಅಂ, ಅಃ ಸೇರಿದರೆ 510 ಆಕಾರ. ಒಂದೊಂದಾಗಿ ಬಾಯಿಪಾಠ ಮಾಡಿಸಿದರೆ ಮಗು ಓಡಿಹೋಗುತ್ತದೆ. ಆದರೆ ಕಲಿಯಬೇಕಾದದ್ದು 510 ಅಲ್ಲ. ಇಳಿ, ಗುಡಿಸು, ಕೊಂಬು, ಏತ್ವ ಎಂಬ ಹತ್ತು-ಹದಿನೈದು ಚಿಹ್ನೆ. ಒಂದು ಚಿಹ್ನೆ ಬಂದರೆ ಅದನ್ನು ಗೊತ್ತಿದ್ದ ಅಕ್ಷರಗಳಿಗೆಲ್ಲ ತೊಡಿಸುವುದು. ‘ಆ’ದ ಇಳಿ ಕಲಿತ ದಿನವೇ ದಾರ, ರಾಗ, ಮಾವ, ನಾಗ, ಸಾರ ಓದಿದಳು. ಒತ್ತಕ್ಷರ ತುಸು ಸತಾಯಿಸಿತು. ‘ಅಕ್ಕ’ ಎಂಬುದನ್ನು ‘ಅಕಕ’ ಎಂದಳು. ‘ಸೂರ್ಯ’ದಲ್ಲಿ ಬಾಯಿಗೆ ಮೊದಲು ಬರುವ ‘ರ್’ ಬರಹದಲ್ಲಿ ಅರ್ಕಾವತ್ತಾಗಿ ಹಿಂದೆ ಕೂತಿರುವುದು ಆಕೆಗೆ ದೊಡ್ಡ ಅನ್ಯಾಯವಾಗಿ ಕಂಡಿತು.

ಒತ್ತಕ್ಷರ ಕಲಿಸುವಾಗ ಬಂದ ಅರ್ಧಾಕ್ಷರವೇ ನಮಗೆ ಇಂಗ್ಲಿಷಿನಲ್ಲಿ ಉಪಯೋಗಕ್ಕೆ ಬಂತು. ಇದನ್ನು ಕಲಿಸುವ ಅಜ್ಜ-ಅಜ್ಜಿಯರು ಗಮನಿಸಬೇಕು. ನಮ್ಮ ‘ಬ’ದೊಳಗೆ ಒಂದು ‘ಅ’ ಅಡಗಿದೆ. ಇಂಗ್ಲಿಷಿನ ‘ಬಿ’ ಅಕ್ಷರದ ಧ್ವನಿಯನ್ನು ‘ಬ’ ಎಂದು ಕಲಿಸಿದರೆ ಮಗು ‘ಬ್ಯಾಟ್’ ಎಂಬುದನ್ನು ‘ಬ-ಆ್ಯ-ಟ’ ಎಂದು ಓದುತ್ತದೆ. ಆ ಮೂರನ್ನು ಎಷ್ಟು ಬೇಗ ಹೇಳಿದರೂ ಬ್ಯಾಟ್ ಆಗುವುದಿಲ್ಲ. ‘ಬ್’, ‘ಟ್’ ಎಂದು ಅರ್ಧಾಕ್ಷರವನ್ನೇ ತಟ್ಟನೆ ಹೇಳಿಸಬೇಕು. ‘ಸ್‌ಸ್‌ಸ್’, ‘ಮ್‌ಮ್‌ಮ್’ ಎಂದು ಎಳೆಯಬಹುದಾದ ಧ್ವನಿಗಳಿಂದ ಆರಂಭಿಸಿದರೆ ಕೂಡಿಸುವುದು ಸುಲಭ.

ಬರೆಸುವಾಗ ಇನ್ನೊಂದು ತಮಾಷೆ ನಡೆಯಿತು. ಉಕ್ತಲೇಖನ ಕೊಟ್ಟೆ. ನಾನು ಹೇಳಿದ್ದು ಮನೆ, ಎಲೆ, ಆನೆ, ಶಾಲೆ. ಆಕೆ ಬರೆದದ್ದು ಮನಿ, ಎಲಿ, ಆನಿ, ಸಾಲಿ. ಆಯಿ ಇಣುಕಿ ನೋಡಿ, ‘ಖರೇನ ಬರದಾಳಲ್ಲ, ನಾವು ಅನ್ನೂದು ಹಂಗ ಅಲ್ಲೇನು?’ ಎಂದು ಮೊಮ್ಮಗಳ ಪಕ್ಷ ವಹಿಸಿದಳು. ಅದೂ ಸರಿಯೇ. ಕಿವಿಗೆ ಕೇಳಿದಂತೆ ಬರೆಯಲು ನಾವೇ ಕಲಿಸಿ, ಬರೆದ ಮೇಲೆ ತಪ್ಪು ಎನ್ನುವುದು ಹೇಗೆ? ಪಾಟಿಯ ನಡುವೆ ಗೆರೆ ಎಳೆದೆ. ಒಂದು ಕಡೆ ‘ಮನೆಯ ಮಾತು’, ಇನ್ನೊಂದು ಕಡೆ ‘ಪುಸ್ತಕದ ಮಾತು’. ಎರಡಕ್ಕೂ ಮರ್ಯಾದೆ. ಎರಡು ದಿನದಲ್ಲಿ ಆಕೆಯೇ ಕಾನೂನು ಕಂಡುಹಿಡಿದಳು. ‘ನಾವು ಇ ಅಂತೀವಿ, ಪುಸ್ತಕದವರು ಎ ಅಂತಾರ.’ ಅದೇ ಹುರುಪಿನಲ್ಲಿ ‘ಇಲಿ’ಯನ್ನೂ ‘ಇಲೆ’ ಮಾಡಿಬಿಟ್ಟಳು. ‘ಇಲಿ ಎರಡೂ ಕಡೆ ಇಲೀನ, ಅದು ಎಲ್ಲಾರ ಮನಿಯಾಗೂ ನುಗ್ಗತೈತಿ’ ಎಂದೆ.

ಇಂಗ್ಲಿಷಿನ ಕಾಗುಣಿತಕ್ಕೆ ಕಾನೂನೇ ಇಲ್ಲ ಎಂದು ನಮ್ಮ ಕಾಲದಲ್ಲಿ ಎಲ್ಲರೂ ಗಟ್ಟಿ ಹಾಕುತ್ತಿದ್ದೆವು. ಕಾನೂನುಗಳಿವೆ. ‘ಹ್ಯಾಟ್’ ಪದದ ಕೊನೆಗೆ ‘ಇ’ ಅಕ್ಷರ ಬಂದು ಕೂತರೆ ‘ಹೇಟ್’. ‘ಪಿನ್’ ಕೊನೆಗೆ ಕೂತರೆ ‘ಪೈನ್’. ಆ ‘ಇ’ ತಾನು ಮಾತಾಡುವುದಿಲ್ಲ, ಒಳಗಿನ ಸ್ವರವನ್ನು ಬದಲಿಸುತ್ತದೆ. ಮೊಮ್ಮಗಳು ಅದಕ್ಕೆ ‘ಮೌನದ ಮುತ್ಯಾ’ ಎಂದು ಹೆಸರಿಟ್ಟಳು. ‘ಬ್ಯಾಕ್’, ‘ಡಕ್’, ‘ಸಿಕ್’ ಎಂಬಂತೆ ಗಿಡ್ಡ ಸ್ವರದ ಬೆನ್ನಿಗೆ ಕೊನೆಯಲ್ಲಿ ‘ಕ್’ ಬಂದರೆ ಸಾಮಾನ್ಯವಾಗಿ ‘ಸಿ’ ಮತ್ತು ‘ಕೆ’ ಎರಡೂ ಬೇಕು. ‘ವೀಕ್’ ಎಂಬಂತೆ ಸ್ವರ ಉದ್ದವಾದರೆ ‘ಕೆ’ ಒಂದೇ ಸಾಕು. ಇಂಥ ಒಂದೊಂದು ಕಟ್ಟಳೆಗೆ ಒಂದೊಂದು ವಾರ ಕೊಟ್ಟೆವು.

ಕಟ್ಟಳೆ ಮೀರುವ ಪದಗಳೂ ಇವೆ. ಬ್ಯಾಂಕಿನಲ್ಲಿ ಚೆಕ್ಕುಗಳ ಮೇಲೆ ನಾನು ಅತಿ ಹೆಚ್ಚು ಕಂಡ ಕಾಗುಣಿತ ತಪ್ಪು ‘ಫಾರ್ಟಿ’. ‘ಫೋರ್’ನಲ್ಲಿ ‘ಯು’ ಇದೆ, ‘ಫೋರ್ಟೀನ್’ನಲ್ಲಿಯೂ ಇದೆ, ‘ಫಾರ್ಟಿ’ಗೆ ಬಂದಾಗ ಮಾಯ! ‘ನೈಂಟಿ’ಯಲ್ಲಿ ‘ಇ’ ಉಂಟು, ‘ನೈಂತ್’ನಲ್ಲಿ ಇಲ್ಲ. ಓದು ಬರೆಹ ಬಲ್ಲ ವ್ಯಾಪಾರಿಗಳೂ ಇಲ್ಲಿ ಎಡವುತ್ತಿದ್ದರು. ಇಂಥವನ್ನು, ಜೊತೆಗೆ ‘ವನ್’, ‘ಟೂ’, ‘ಸೆಡ್’, ‘ವಾಸ್’ ಮೊದಲಾದವನ್ನು ವಾರಕ್ಕೆ ಮೂರರಂತೆ ಬಾಯಿಪಾಠವೇ ಮಾಡಿಸಬೇಕು. ‘ನೈಟ್’ ಎಂಬ ಕುದುರೆ ಸವಾರನ ಹೆಸರಿನ ಮೊದಲಿಗೆ ಸುಮ್ಮನೆ ಒಂದು ‘ಕೆ’ ಯಾಕೆ ಎಂದು ಆಕೆ ಕೇಳಿದಳು. ಹಿಂದೆ ಇಂಗ್ಲಿಷರು ಆ ‘ಕ್’ ಉಚ್ಚರಿಸುತ್ತಲೇ ಇದ್ದರು. 1476ರಲ್ಲಿ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ ಮೇಲೆ ಬರಹ ಮೆಲ್ಲಗೆ ಗಟ್ಟಿಯಾಗುತ್ತ ಹೋಯಿತು, ಮಾತು ಮುಂದೆ ಓಡಿತು. ನಾವು ಹಳಗನ್ನಡದ ಱ, ೞ ಅಕ್ಷರಗಳನ್ನು ಬಳಕೆಯಿಂದ ಬಿಟ್ಟುಕೊಟ್ಟೆವು. ಅವರು ಹಳೆಯ ಸಾಮಾನು ಎಸೆಯದೆ ಅಟ್ಟದ ಮೇಲೆ ಇಟ್ಟುಕೊಂಡಿದ್ದಾರೆ, ಅಷ್ಟೇ.

ಬಾಯಿಪಾಠವೋ ಓದೋ ಎಂದು ತಿಳಿಯಲು ಒಂದು ಚೆಂದದ ಆಟವಿದೆ. ಅರ್ಥವಿಲ್ಲದ ಪದ ಓದಿಸುವುದು. ಇಂಗ್ಲೆಂಡಿನಲ್ಲಿ 2012ರಿಂದ ಆರು ವರ್ಷದ ಆಸುಪಾಸಿನ ಮಕ್ಕಳಿಗೆ 40 ಪದಗಳ ಒಂದು ಪರೀಕ್ಷೆ ಇದೆ. ಅವುಗಳಲ್ಲಿ 20 ಪದ ಯಾವ ನಿಘಂಟಿನಲ್ಲೂ ಇಲ್ಲದವು. ಅರ್ಥವಿಲ್ಲದ ಪದವನ್ನು ಊಹಿಸಲು ಬರುವುದಿಲ್ಲ, ಓದಲೇಬೇಕು. ನಾನು ‘ಗಮದ’, ‘ವಗನ’ ಎಂದು ಬರೆದುಕೊಟ್ಟೆ. ಓದಿ ಮುಗಿಸಿ, ‘ಗಮದ ಅಂದ್ರ ಒಂದು ದೆವ್ವ, ವಗನ ಅದರ ಹೆಂಡ್ತಿ’ ಎಂದು ಕಥೆಯನ್ನೂ ಕಟ್ಟಿದಳು.

ಮಾರ್ಚ್ ಹೊತ್ತಿಗೆ ನಮ್ಮ ಪಾಠ ರಸ್ತೆಗೆ ಬಂತು. ಸಂಜೆ ಅಡ್ಡಾಡಲು ಹೋದರೆ ಎರಡೂ ಬದಿಗೆ ಪುಸ್ತಕವೇ. ಗಿರಣಿ, ಖಾನಾವಳಿ, ಕಿರಾಣಿ ಅಂಗಡಿ. ‘ಅಥಣಿ ರಸ್ತೆ’ ಎಂಬ ಫಲಕವೇ ಆಕೆಯ ಪ್ರಗತಿ ಪತ್ರ. ಜನವರಿಯಲ್ಲಿ ಅದರಲ್ಲಿ ಅ, ರ ಮಾತ್ರ ಗೊತ್ತು. ಆಮೇಲೆ ‘ಣಿ’ ಬಂತು. ‘ಸ’ಕ್ಕೆ ‘ತ’ ಒತ್ತು ಕೊಟ್ಟ ‘ಸ್ತೆ’ ಬಂತು. ಎಲ್ಲಕ್ಕೂ ಕೊನೆಗೆ ಹೊಟ್ಟೆಯೊಳಗೆ ಚುಕ್ಕೆ ಇರುವ ‘ಥ’. ಟೈರ್, ಮೊಬೈಲ್, ಬೇಕರಿ ಎಂಬ ಇಂಗ್ಲಿಷ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಓದಿ, ‘ಮುತ್ಯಾ, ಇಂಗ್ಲಿಷ್ ಕನ್ನಡದಾಗ ಬರದ್ರ ಎಷ್ಟ್ ಸಲೀಸ ಐತಿ!’ ಎಂದಳು. ಒಂದು ರವಿವಾರ ಬಸ್ಸಿನಲ್ಲಿ ತೊರವಿಗೆ ಕರೆದೊಯ್ದೆ. ಊರ ಹೆಸರು ತಾನೇ ಓದಿದಳು. ಕುಮಾರ ವಾಲ್ಮೀಕಿ ‘ತೊರವೆ ರಾಮಾಯಣ’ ಬರೆದ ಊರು ಇದೇ, ನರಸಿಂಹನ ಗುಡಿ ಇಲ್ಲೇ ಇದೆ ಎಂದು ತೋರಿಸಿದೆ. ‘ಅಷ್ಟು ದೊಡ್ಡ ಪುಸ್ತಕಾನೂ ಇವೇ ಅಕ್ಷರದಾಗೇ ಬರದಾರೇನು?’ ಎಂದು ಕೇಳಿದಳು. ‘ಹೌದು ತಂಗಿ, ಇವೇ ಅಕ್ಷರ’ ಎಂದೆ.

ಮೇ ಕೊನೆಯಲ್ಲಿ ಅಕ್ಕೋರನ್ನು ಕರೆದು ಪರೀಕ್ಷೆ ಮಾಡಿಸಿದೆವು. ‘ಅಸರ್’ ಸಮೀಕ್ಷೆಯವರು ಹಳ್ಳಿಹಳ್ಳಿಯಲ್ಲಿ ಮನೆಗೆ ಹೋಗಿ ಮಾಡುವ ಹಾಗೆ ಮೊದಲು ಅಕ್ಷರ, ಆಮೇಲೆ ಪದ, ಒಂದನೆಯ ತರಗತಿ ಮಟ್ಟದ ನಾಲ್ಕು ಸಾಲು, ಕೊನೆಗೆ ಎರಡನೆಯ ತರಗತಿ ಮಟ್ಟದ ಕಥೆ. ಕನ್ನಡದಲ್ಲಿ ನಾಲ್ಕು ಸಾಲು ಸರಾಗ. ಕಥೆಯನ್ನು ಒತ್ತಕ್ಷರಗಳಲ್ಲಿ ತಡವರಿಸುತ್ತ ಮುಗಿಸಿದಳು. ಇಂಗ್ಲಿಷಿನಲ್ಲಿ ಸಣ್ಣ ವಾಕ್ಯ ಬಂದವು, ಉದ್ದ ಪದಗಳು ಬರಲಿಲ್ಲ. ಪವಾಡವೇನೂ ಆಗಲಿಲ್ಲ. ಆದರೆ ತಡವರಿಸಿದ ಪ್ರತಿ ಪದದ ಮೇಲೂ ಆಕೆಯ ಕಣ್ಣು ಇತ್ತು, ಚಿತ್ರದ ಮೇಲಲ್ಲ. ಜೂನ್‌ನಲ್ಲಿ ಮೂರನೆಯ ಇಯತ್ತೆಗೆ ಹೋದಳು. ಸೊಸೆ ಮತ್ತೆಂದೂ ಆ ‘ದಡ್ಡಿ’ ಎಂಬ ಮಾತು ಆಡಲಿಲ್ಲ.

ನನ್ನ ಓರಗೆಯವರಿಗೆ ಹೇಳುವುದಿಷ್ಟು. ಪುಸ್ತಕ ಆರಿಸುವಾಗ ಬೆಲೆ, ಬಣ್ಣ, ಪರದೇಶದ ಹೆಸರು ನೋಡಬೇಡಿ. ಐದನೆಯ ಪಾಠ ತೆಗೆಯಿರಿ. ಅಲ್ಲಿಯ ತನಕ ಕಲಿತ ಅಕ್ಷರಗಳಿಂದಲೇ ಆ ಪಾಠದ ಪದಗಳನ್ನು ಮಗು ತಾನಾಗಿ ಓದಬಹುದೇ ಎಂದು ತಾಳೆ ನೋಡಿ. ಓದಿದ್ದನ್ನು ಬರೆಸುವ ಪಾಠವಿದೆಯೇ ನೋಡಿ. ನಿಮಗೆ ಸುಸ್ತಾಗದಂತೆ 20 ನಿಮಿಷದಲ್ಲಿ ಮುಗಿಯುತ್ತದೆಯೇ ನೋಡಿ. ಇಷ್ಟಿದ್ದರೆ ಹರಿದ ಕಾರ್ಡೂ ಸಾಕು. ಐದಾರು ತಿಂಗಳು ಹೀಗೆ ಕಲಿಸಿದ ಮೇಲೂ ಮಗುವಿಗೆ ಅಕ್ಷರ ನಿಲ್ಲದಿದ್ದರೆ, ಬೈಯುವ ಬದಲು ಕಣ್ಣು-ಕಿವಿ ಪರೀಕ್ಷೆ ಮಾಡಿಸಿ, ತಿಳಿದ ವೈದ್ಯರನ್ನು ಕೇಳಿ.

ಮಕ್ಕಳೇ, ನಿಮಗೂ ಒಂದು ಕೆಲಸ. ಈ ವಾರ ಯಾರೂ ಹೇಳಿಕೊಡದ ಒಂದು ಹೊಸ ಪುಟ ಆರಿಸಿ, ಮನೆಯ ಅಜ್ಜನಿಗೋ ಅಜ್ಜಿಗೋ ಗಟ್ಟಿಯಾಗಿ ಓದಿ ಹೇಳಿ. ತಡವರಿಸಿದರೂ ಚಿಂತೆಯಿಲ್ಲ. ನಮ್ಮ ಕಣ್ಣಿಗೆ ಪೊರೆ ಬಂದಿರುತ್ತದೆ, ಸಣ್ಣ ಅಕ್ಷರ ಕಾಣುವುದಿಲ್ಲ. ನೀವು ಓದಿದರೆ ನಿಮಗೂ ಪಾಠವಾಯಿತು, ನಮಗೂ ಪತ್ರಿಕೆ ಮುಗಿಯಿತು.